ಹೆಸರು ಮಗನಿಗೆ, ಸೀರೆ ಮಗಳಿಗೆ

ನಮ್ಮ ಮಾವ, ಎಂದರೆ ನನ್ನ ಅಮ್ಮನ ಅಣ್ಣ, ಉಡುಪಿಯಲ್ಲಿ ಧಾರೆ ಸೀರೆಯ ಅಂಗಡಿ ಇಟ್ಟವರು. ಅಂಗಡಿ ಎಂದು ನಾನು ಬರೆಯುವುದು ಅಭ್ಯಾಸಬಲದಿಂದ. ಅವರ ಮಗಳು ಮಣಿಪಾಲದಲ್ಲಿ ಗಾಜಿನ ಬಾಗಿಲಿನ ಬ್ರೈಡಲ್ ಸ್ಟುಡಿಯೊ ತೆರೆದ ಮೇಲೆ ಆ ಶಬ್ದವನ್ನು ಮನೆಯಲ್ಲಿ ಯಾರೂ ಆಡಬಾರದು ಎಂದಾಗಿತ್ತು. ‘ಹೌಸ್’ ಎನ್ನಬೇಕಿತ್ತು. ಸೀರೆಗೆ ಪೀಸ್ ಎನ್ನಬೇಕು, ಗಿರಾಕಿಗೆ ಕ್ಲೈಂಟ್ ಎನ್ನಬೇಕು. ಒಮ್ಮೆ ಯಾವುದೋ ಪತ್ರಿಕೆಯವರು ‘ಕರಾವಳಿಯ ಜವಳಿ ರಾಜಮನೆತನ’ ಎಂದು ಬರೆದದ್ದನ್ನು ಮಾವನ ಮನೆಯವರು ಚೌಕಟ್ಟು ಹಾಕಿಸಿ ದೇವರ ಫೋಟೊದ ಪಕ್ಕ ತೂಗಿಸಿದರು. ಬರೆಸಿದವರೂ ಅವರೇ ಎಂಬುದು ಬೇರೆ ಮಾತು. ನಾನು ಅದೇ ರಾಜಮನೆತನದ ಮೇಲಿನ ಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ರವಕೆ ಹೊಲಿದೆ. ನನಗೆ ಮಾತ್ರ ಹೊಸ ಹೆಸರು ಬರಲಿಲ್ಲ.

ನಮ್ಮವರಲ್ಲಿ ಹಿಂದೆ ಅಳಿಯಕಟ್ಟು ಇತ್ತು. ಮಾವನ ಆಸ್ತಿ ತಂಗಿಯ ಮಕ್ಕಳಿಗೆ ಬರುತ್ತಿತ್ತು. ಕಾನೂನು ಬದಲಾಯಿತು. ಆಸ್ತಿ ಮಾವನ ಮಕ್ಕಳ ಕಡೆ ತಿರುಗಿತು, ಮಾವನ ಮನೆಯ ಕೆಲಸ ಮಾತ್ರ ತಂಗಿಯ ಮಕ್ಕಳ ಪಾಲಿಗೆ ಉಳಿಯಿತು. ಮಾವ ಮೊದಲ ಸಲ ಸೀರೆ ತರಲು ಕಾಂಚೀಪುರಕ್ಕೆ ಹೊರಟಾಗ ಅಮ್ಮ ಕೈಯ ಎರಡು ಬಳೆ ಬಿಚ್ಚಿ ಕೊಟ್ಟಿದ್ದಳು. ಈ ಸಂಗತಿಯನ್ನು ಮಾವ ಪ್ರತಿ ಸನ್ಮಾನ ಸಭೆಯಲ್ಲೂ ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅಮ್ಮ ಬರಿಗೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು.

ಮಾವನಿಗೆ ಇಬ್ಬರು ಮಕ್ಕಳು, ಇಬ್ಬರೂ ನನಗಿಂತ ದೊಡ್ಡವರು. ಮಗನನ್ನು ನಾನು ಭಾವ ಎನ್ನುತ್ತೇನೆ, ಮಗಳನ್ನು ಅತ್ತಿಗೆ. ಭಾವ ಉಡುಪಿಯ ಅಂಗಡಿಯ ಬಾಗಿಲಲ್ಲಿ ಬಿಳಿ ಅಂಗಿ ತೊಟ್ಟು ಮೂವತ್ತು ವರ್ಷ ನಿಂತವರು. ನಿಂತವರು ಎಂದರೆ ನಿಂತವರೇ. ಮಾವ ಅವರಿಗೆ ಒಂದು ಸೀರೆ ಆರಿಸಲೂ ಬಿಡಲಿಲ್ಲ. ಅತ್ತಿಗೆ ಬೆಂಗಳೂರಿನಲ್ಲಿ ಫ್ಯಾಶನ್ ಕಲಿತು ಬಂದವರು. ಕಲಿತದ್ದರಲ್ಲಿ ಮುಖ್ಯವಾದುದು, ಬೆಲೆಯ ಚೀಟಿಯನ್ನು ಸೀರೆಯ ಮಡಿಕೆಯೊಳಗೆ ಅಡಗಿಸಿಡುವುದು. ಮಣಿಪಾಲದಲ್ಲಿ ಬೆಲೆ ಕೇಳುವವರು ಬಡವರು ಎಂದು ಅವರು ನನಗೆ ವಿವರಿಸಿದ್ದರು.

ಮಾವ ತೀರಿಕೊಂಡದ್ದು ಆಟಿ ತಿಂಗಳಲ್ಲಿ, ಮದುವೆಗಳಿಲ್ಲದ ಹೊತ್ತಿನಲ್ಲಿ. ಕೊನೆಯವರೆಗೂ ವ್ಯಾಪಾರಿ. ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿದ ಮರುದಿನ ಕಾಪುವಿನಲ್ಲಿರುವ ಮಾವನ ಮನೆಯ ಚಾವಡಿಯಲ್ಲಿ ವಕೀಲರು ಉಯಿಲು ಓದಿದರು. ಅಂಗಡಿಯ ಹೆಸರು ಮತ್ತು ಬೋರ್ಡು ಮಗನಿಗೆ. ಒಳಗಿರುವ ಸೀರೆಗಳೆಲ್ಲ ಮಗಳಿಗೆ. ಕಟ್ಟಡ ಹೆಂಡತಿಗೆ. ಮೇಲಿನ ಮಾಳಿಗೆಯ ಆರು ಹೊಲಿಗೆ ಮಿಷನ್ ಮತ್ತು ಕಟಿಂಗ್ ಟೇಬಲ್ ತಂಗಿಯ ಮಗಳಿಗೆ, ಎಂದರೆ ನನಗೆ.

ಓದಿ ಮುಗಿದ ಮೇಲೆ ವಕೀಲರೇ ಮಾವನ ಉದ್ದೇಶವನ್ನು ವಿವರಿಸಿದರು. ಹೆಸರಿಲ್ಲದೆ ಸೀರೆ ಮಾರುವುದಕ್ಕೆ ಆಗುವುದಿಲ್ಲ, ಸೀರೆಯಿಲ್ಲದೆ ಹೆಸರಿದ್ದು ಪ್ರಯೋಜನವಿಲ್ಲ, ಕಟ್ಟಡವಿಲ್ಲದೆ ಎರಡೂ ಬೀದಿಯಲ್ಲಿ. ಆದ್ದರಿಂದ ಮೂವರೂ ಒಟ್ಟಿಗೆ ಇರುತ್ತಾರೆ. ನಲವತ್ತು ವರ್ಷ ಮದುವೆ ಸೀರೆ ಮಾರಿದ ಮನುಷ್ಯನಿಗೆ, ಗಂಟು ಹಾಕಿದವರೆಲ್ಲ ಒಟ್ಟಿಗೆ ಇರುತ್ತಾರೆ ಎಂಬ ನಂಬಿಕೆ ಹೇಗೆ ಉಳಿದಿತ್ತೋ.

ಒಟ್ಟಿಗೆ ಇರುವ ಪ್ರಯತ್ನ ಸುಮಾರು ಒಂದು ವಾರ ನಡೆಯಿತು. ಆಮೇಲೆ ಅತ್ತಿಗೆ ತನ್ನ ಪೀಸ್‌ಗಳನ್ನೆಲ್ಲ ಮಣಿಪಾಲಕ್ಕೆ ಸಾಗಿಸುತ್ತೇನೆಂದರು. ಭಾವ, ಹಾಗಾದರೆ ಮಣಿಪಾಲದ ಬಾಗಿಲ ಮೇಲಿನ ನಮ್ಮ ಮನೆಯ ಹೆಸರನ್ನು ಕಿತ್ತು ತಾ ಎಂದರು. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ವಕೀಲರ ಮೂಲಕ ಮಾತಾಡಲು ಶುರುಮಾಡಿದರು. ಕಾಫಿಗೆ ಸಕ್ಕರೆ ಬೇಕೋ ಎಂಬುದೂ ವಕೀಲರ ಮೂಲಕವೇ. ಆಟಿ ಕಳೆದು ಮದುವೆಗಳು ಸುರುವಾಗುವ ಹೊತ್ತಿಗೆ, ಒಂದು ಸೋಮವಾರ ಬೆಳಿಗ್ಗೆ ಸೀರೆಗಳನ್ನು ಅತ್ತಿಗೆಗೆ ಒಪ್ಪಿಸುವುದು ಎಂದು ನಿಶ್ಚಯವಾಯಿತು.

ಅದರ ಹಿಂದಿನ ಭಾನುವಾರ ಕಾರ್ಕಳದ ಸಭಾಭವನದಲ್ಲಿ ನಮ್ಮ ಸಂಬಂಧಿಕರ ಮದುವೆ. ಅಂಗಡಿಗೆ ರಜೆ, ನಾವೆಲ್ಲರೂ ಅಲ್ಲಿ. ಧಾರೆ ಮುಗಿದ ಕೂಡಲೇ ಭಾವ ಹೊಟ್ಟೆ ಸರಿಯಿಲ್ಲ ಎಂದು ಎದ್ದುಹೋದರು. ಊಟದ ಪಂಕ್ತಿಗೆ ಎಲೆ ಹಾಕುತ್ತಿರುವಾಗ ಮದುವೆ ಮನೆ ಬಿಟ್ಟು ಹೋದ ಮನುಷ್ಯನನ್ನು ನಾನು ನಮ್ಮ ಕಡೆಯಲ್ಲಿ ಅದುವರೆಗೆ ಕಂಡಿರಲಿಲ್ಲ. ಅಂದೇ ಸಂಶಯ ಬರಬೇಕಿತ್ತು. ನನಗೆ ಬಂದದ್ದು ಕನಿಕರ. ಅವರ ಪಾಲಿನ ಹೋಳಿಗೆಯನ್ನು ಪೇಪರಿನಲ್ಲಿ ಕಟ್ಟಿ ಅವರ ಅಮ್ಮನ, ಎಂದರೆ ಅತ್ತೆಯ, ಕೈಗೆ ಕೊಟ್ಟೆ.

ಸೋಮವಾರ ಒಳಕೋಣೆಯ ಕಪಾಟು ತೆರೆದರೆ ಧಾರೆ ಸೀರೆಗಳು ಇರಲಿಲ್ಲ. ಮಾವ ಒಂದೊಂದನ್ನೂ ನೇಕಾರರ ಮನೆಗೆ ಹೋಗಿ ಕಾದು ತಂದ ಸೀರೆಗಳು ಅವು. ಆ ಸಾಲು ಖಾಲಿ. ಬೀಗ ಮುರಿದಿರಲಿಲ್ಲ. ಕ್ಯಾಮೆರಾ ಹಾಳಾಗಿ ಒಂದು ವಾರ ಆಗಿದೆ, ರಿಪೇರಿಯವನಿಗೆ ಹೇಳಿ ಸಾಕಾಯಿತು ಎಂದು ಭಾವ ಹೇಳಿದರು. ಆಮೇಲೆ ನೆಲ ನೋಡಿಕೊಂಡು, ಮೆಲ್ಲಗೆ, ಆ ಕಪಾಟಿನ ಕೀ ಇರುವುದು ಇಬ್ಬರ ಹತ್ತಿರ ಮಾತ್ರ ಎಂದರು. ಒಂದು ಅವರ ಹತ್ತಿರ. ಇನ್ನೊಂದು, ರವಕೆಯ ಬಣ್ಣ ಹೊಂದಿಸಲು ಸೀರೆ ತೆಗೆಯುವವಳ ಹತ್ತಿರ.

ಎಲ್ಲರೂ ನನ್ನ ಕಡೆ ತಿರುಗಿದರು. ಹತ್ತೊಂಬತ್ತು ವರ್ಷದಲ್ಲಿ ಆ ಮನೆತನ ಒಟ್ಟಾಗಿ ನನ್ನನ್ನು ನೋಡಿದ್ದು ಅದೇ ಮೊದಲು.

ಅತ್ತಿಗೆ ಹತ್ತಿರ ಬಂದು, ಬೇಜಾರು ಮಾಡಿಕೊಳ್ಳಬೇಡ, ಫಾರ್ಮಾಲಿಟಿ ಎಂದು ಹೇಳಿ ನನ್ನ ಚೀಲವನ್ನು ಗಾಜಿನ ಕೌಂಟರಿನ ಮೇಲೆ ಮಗುಚಿ ಹಾಕಿದರು. ಟೇಪು, ಕೊಡೆ, ನೂಲಿನ ಉಂಡೆಗಳು, ಬಿಪಿ ಮಾತ್ರೆ, ಬಸ್ ಟಿಕೆಟುಗಳು, ಅರ್ಧ ಪ್ಯಾಕೆಟ್ ಬಿಸ್ಕತ್ತು. ಆರೂಕಾಲು ಮೀಟರಿನ ರೇಷ್ಮೆ ಸೀರೆಯನ್ನು ಊಟದ ಡಬ್ಬಿಯಲ್ಲಿ ತುಂಬಿಸಿರಬಹುದೆಂದು ಡಬ್ಬಿಯನ್ನೂ ತೆರೆದರು. ಕುಚ್ಚಲಕ್ಕಿ ಅನ್ನ ಮತ್ತು ಬಸಳೆ ಪದಾರ್ಥ ಸಿಕ್ಕಿತು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ನಾನು ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿಸಿದೆ. ನೂಲಿನ ಒಂದು ಉಂಡೆ ಉರುಳಿ ಕೌಂಟರಿನ ಅಡಿಗೆ ಹೋಯಿತು. ಬಗ್ಗಿ ಹುಡುಕಲು ನಾಚಿಕೆಯಾಗಿ ಹಾಗೆಯೇ ಬಿಟ್ಟೆ.

ಅತ್ತಿಗೆ ಪೊಲೀಸರಿಗೆ ದೂರು ಕೊಟ್ಟರು. ಸಂಶಯ ಯಾರ ಮೇಲೆ ಎಂಬಲ್ಲಿ ನನ್ನ ಹೆಸರು ಬರೆಸಿದರು. ನಾನು ಕಾರ್ಕಳದ ನಮ್ಮ ಮನೆಯಿಂದ ಮೂರು ಸಲ ಬಸ್ ಹತ್ತಿ ಉಡುಪಿಗೆ ಹೋಗಿ ಠಾಣೆಯ ಬೆಂಚಿನಲ್ಲಿ ಕೂತೆ. ಎಸ್ಸೈ ಸಭ್ಯರಾಗಿಯೇ ಕೇಳಿದರು. ಭಾನುವಾರ ಎಲ್ಲಿದ್ದಿರಿ, ಯಾರು ನೋಡಿದ್ದಾರೆ? ಇಡೀ ಮದುವೆ ಮಂಟಪ ನೋಡಿದೆ ಎಂದೆ. ಮಹಿಳಾ ಪೇದೆ ನನ್ನ ಹೇಳಿಕೆ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಆಮೇಲೆ ದನಿ ತಗ್ಗಿಸಿ ತನ್ನ ರವಕೆ ಕೈ ಎತ್ತಿದಾಗೆಲ್ಲ ಕಂಕುಳಲ್ಲಿ ಎಳೆಯುತ್ತದೆ, ಅದಕ್ಕೆ ಎಂತ ಮಾಡುವುದು ಎಂದು ಕೇಳಿದಳು. ಆರೋಪಿಯಾದರೂ ಕೈಕಸುಬಿಗೆ ಮರ್ಯಾದೆ ಉಂಟು ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಊರಲ್ಲಿ ಅಷ್ಟು ಸಮಾಧಾನವಿರಲಿಲ್ಲ. ಕಾರ್ಕಳದ ಬಸ್ಸಿನಲ್ಲಿ ಪರಿಚಯದವರು ನನ್ನ ಪಕ್ಕದ ಸೀಟು ಬಿಟ್ಟು ನಿಂತುಕೊಂಡು ಪ್ರಯಾಣ ಮಾಡಿದರು. ಅಮ್ಮ ಊಟ ಬಿಟ್ಟಳು. ಅಣ್ಣನ ಮಕ್ಕಳು ಹೀಗೆ ಮಾಡಿದರಲ್ಲ ಎಂದಲ್ಲ. ಅಣ್ಣ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು. ಅಣ್ಣನ ಉಯಿಲಿನಿಂದಲೇ ಹೀಗಾದದ್ದು ಎಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮನೆಯ ಹಳೆಯ ಮಿಷನ್ನಿಗೆ ಎಣ್ಣೆ ಬಿಟ್ಟು ಅಂಗಳದ ಬದಿಯ ಕೋಣೆಯಲ್ಲಿ ಹೊಲಿಯಲು ಕೂತೆ. ಕಳ್ಳಿ ಎಂಬ ಸುದ್ದಿ ಇದ್ದರೂ ಗಿರಾಕಿಗಳು ಬಂದರು. ನಮ್ಮ ಕಡೆ ಒಳ್ಳೆಯ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ, ಹೆಗಲು ಸರಿಯಾಗಿ ಕೂರುವಂತೆ ಹೊಲಿಯುವವರು ಸಿಗುವುದಿಲ್ಲ.

ಎರಡು ತಿಂಗಳು ಕಳೆದಿರಬೇಕು. ಅಜೆಕಾರಿನಿಂದ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಬಂದಳು. ಬರುವ ವಾರ ಮದುವೆ. ಚೀಲದಿಂದ ಧಾರೆ ಸೀರೆ ತೆಗೆದು ಮಂಚದ ಮೇಲೆ ಹರಡಿದಳು. ಕೆಂಪು ಒಡಲು, ಅಗಲ ಅಂಚು, ಒಳ್ಳೆಯ ಜರಿ. ಸೀರೆಯಿಂದ ಮೊದಲು ಮಲ್ಲಿಗೆ ಸೆಂಟಿನ ವಾಸನೆ ಬಂತು, ತಲೆನೋಯುವಷ್ಟು. ಎರಡು ನಿಮಿಷ ಕಳೆದ ಮೇಲೆ ಸೆಂಟಿನ ಅಡಿಯಿಂದ ಮೀನಿನ ವಾಸನೆ ಎದ್ದಿತು. ತಾಯಿಗೂ ಅದೇ ಚಿಂತೆ. ಬಿಸಿಲಿಗೆ ಹಾಕಿದೆವು, ಸಾಂಬ್ರಾಣಿ ಹೊಗೆ ಕೊಟ್ಟೆವು, ಹೋಗುವುದಿಲ್ಲ, ಧಾರೆಯ ಹೊತ್ತಿಗೆ ಭಟ್ಟರು ಪಕ್ಕದಲ್ಲೇ ಕೂರುತ್ತಾರಲ್ಲ ಎಂದರು.

ನಾನು ರವಕೆಯ ತುಂಡನ್ನು ಕತ್ತರಿಸಲು ಬಿಡಿಸಿದೆ. ಅಂಚಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಅಕ್ಷರ, ಅದರ ಕೆಳಗೆ ಗೀಟು. ಮಾವನ ಕೈಬರಹ. ನೇಕಾರನ ಹೆಸರಿನ ಮೊದಲ ಅಕ್ಷರವನ್ನು ಅವರು ಹಾಗೆ ಬರೆಯುತ್ತಿದ್ದರು. ರವಕೆಯ ತುಂಡಿನಲ್ಲಿ ಬರೆದದ್ದು ಹೊಲಿಯುವವರ ಕಣ್ಣಿಗೆ ಬಿಟ್ಟು ಬೇರೆಯವರಿಗೆ ಬೀಳುವುದಿಲ್ಲ. ಭಾವನಿಗಂತೂ ಅದು ಗೊತ್ತೇ ಇರಲಿಲ್ಲ. ಅಪ್ಪ ಅವರಿಗೆ ಅಷ್ಟನ್ನೂ ಕಲಿಸಿರಲಿಲ್ಲ.

ಸೀರೆ ಎಲ್ಲಿಯದು ಎಂದು ಕೇಳಿದೆ. ಸಂತೆಕಟ್ಟೆಯ ಒಂದು ಹಾಲಿನಲ್ಲಿ ಪ್ರದರ್ಶನ ಮಾರಾಟವಿತ್ತು, ಅರ್ಧ ಬೆಲೆಗೆ ಕೊಟ್ಟರು ಎಂದಳು ಹುಡುಗಿ. ಬ್ಯಾನರಿನಲ್ಲಿ ‘ನೇಕಾರರಿಂದ ನೇರವಾಗಿ ನಿಮಗೆ’ ಎಂದಿತ್ತಂತೆ. ದಾರಿಯಲ್ಲಿ ಮಲ್ಪೆಯ ಮೀನು ಬಂದರಿಗೊಮ್ಮೆ ಹೋಗಿ ಬಂದದ್ದನ್ನು ಬರೆದಿರಲಿಲ್ಲ. ಮಲ್ಪೆ ನನ್ನ ತಲೆಗೆ ಬಂದದ್ದು ಸುಮ್ಮನೆ ಅಲ್ಲ. ಭಾವನ ಹೆಂಡತಿಯ ತಮ್ಮನಿಗೆ ಅಲ್ಲಿ ಐಸ್ ಪ್ಲಾಂಟ್ ಉಂಟು.

ಆ ಹುಡುಗಿಯ ಅಳತೆ ತೆಗೆದು ಕಳಿಸಿದೆ. ಮರುದಿನ ಕಾಪುವಿಗೆ ಹೋದೆ, ಅತ್ತೆಯ ಹತ್ತಿರ. ಪೊಲೀಸರ ಬಳಿಗೆ ಮೊದಲು ಹೋಗದೆ ಅಲ್ಲಿಗೆ ಯಾಕೆ ಹೋದೆ ಎಂದು ಈಗ ಯೋಚಿಸಿದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನೂ ಆ ಮನೆಯವಳು ಎಂದುಕೊಂಡಿದ್ದೆ, ಅಷ್ಟೇ. ಅತ್ತೆ ಹಿಂದಿನ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಸಮುದ್ರದ ಗಾಳಿಗೆ ಹೂ ಹಾರದಂತೆ ತಟ್ಟೆಯ ಮೇಲೆ ಒಂದು ಸೌಟು ಇಟ್ಟಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

“ನನಗೆ ಆ ದಿನವೇ ಗೊತ್ತಿತ್ತು ಮಗಾ,” ಎಂದರು. “ಸಂಜೆ ಇಲ್ಲಿಗೆ ಬಂದು ಸ್ನಾನ ಮಾಡಿದ. ಅಂಗಿಯನ್ನು ತಾನೇ ಒಗೆದ. ಹುಟ್ಟಿದಂದಿನಿಂದ ಅವನು ಅಂಗಿ ಒಗೆದವನಲ್ಲ.”

“ನನ್ನ ಚೀಲ ಬಿಚ್ಚುವಾಗಲೂ ಗೊತ್ತಿತ್ತಾ?”

“ಗೊತ್ತಿತ್ತು.”

ಹೂವಿಗೆ ಇನ್ನೊಂದು ಗಂಟು ಹಾಕಿ ಅವರೇ ಹೇಳಿದರು: “ನೀನು ತಡೆದುಕೊಳ್ಳುತ್ತಿ ಅಂತ ಅಂದುಕೊಂಡೆ. ಅವನಿಗೆ ಆಗುವುದಿಲ್ಲ.”

ಅದನ್ನು ಅವರು ಹೊಗಳಿಕೆಯಂತೆ ಹೇಳಿದರು. ಆಮೇಲೆ, ಪೊಲೀಸರಿಗೆ ಹೇಳಿದರೆ ಮನೆಯ ಮರ್ಯಾದೆ ಹೋಗುತ್ತದೆ, ತಾನು ಹೇಗಾದರೂ ಮಗಳಿಗೆ ಹೇಳಿ ದೂರು ಹಿಂದಕ್ಕೆ ತೆಗೆಸುತ್ತೇನೆ, ಸ್ವಲ್ಪ ದಿನ ಸುಮ್ಮನಿರು ಎಂದರು. ಯಾವ ಮನೆಯ ಮರ್ಯಾದೆ ಎಂದು ನಾನು ಕೇಳಲಿಲ್ಲ. ಕಟ್ಟಿದ ಮಲ್ಲಿಗೆಯಲ್ಲಿ ಒಂದು ಮೊಳ ತುಂಡು ಮಾಡಿ ನನ್ನ ಕೈಗೆ ಕೊಟ್ಟರು. ಅದನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟು, ಉಡುಪಿಯ ಬಸ್ ಹಿಡಿದು, ನೇರ ಠಾಣೆಗೆ ಹೋದೆ.

ಮುಂದಿನದು ಬೇಗ ಆಯಿತು. ಪೊಲೀಸರು ಪ್ರದರ್ಶನ ನಡೆಸಿದವನನ್ನು ಹಿಡಿದರು, ಅವನು ಐಸ್ ಪ್ಲಾಂಟಿನ ಹೆಸರು ಹೇಳಿದ. ಅಲ್ಲಿ ಮೇಲಿನ ಕೋಣೆಯಲ್ಲಿ ಮೀನಿನ ಖಾಲಿ ಪೆಟ್ಟಿಗೆಗಳ ಹಿಂದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಾಜಮನೆತನದ ವೈಭವ ಸಿಕ್ಕಿತು. ಆ ಭಾನುವಾರ ಕಾರ್ಕಳದಲ್ಲಿ ನಾವು ಪಾಯಸಕ್ಕೆ ಕೈಚಾಚುತ್ತಿದ್ದಾಗ ಸೀರೆಗಳು ಬಂಗುಡೆ ಮೀನು ಸಾಗಿಸುವ ಗಾಡಿಯಲ್ಲಿ ಮಲ್ಪೆಗೆ ಹೋಗಿದ್ದವು. ರೇಷ್ಮೆ ವಾಸನೆ ಹಿಡಿಯುತ್ತದೆ ಎಂಬುದು ನಲವತ್ತು ವರ್ಷದ ಜವಳಿ ಮನೆತನದ ವಾರಸುದಾರನಿಗೆ ಹೊಳೆದಿರಲಿಲ್ಲ. ಭಾವನನ್ನು ಕರೆದೊಯ್ದರು. ಒಂದು ದಿನ ಒಳಗಿದ್ದರು. ಎರಡನೆಯ ದಿನ, ಪ್ರತಿಷ್ಠಿತರಿಗೆ ಬರುವ ಎದೆನೋವು ಅವರಿಗೂ ಬಂತು. ಜಾಮೀನು ಸಿಕ್ಕಿದ ಸಂಜೆಯೇ ಅದು ಗುಣವಾಯಿತು.

ಅದಾಗಿ ಒಂದು ವಾರಕ್ಕೆ ನಮ್ಮ ಮನೆಯ ಅಂಗಳಕ್ಕೆ ಒಂದು ಕಾರು ಬಂತು. ಅದರಿಂದ ಭಾವನೂ ಅತ್ತಿಗೆಯೂ ಇಳಿದರು. ಒಂದೇ ಕಾರಿನಿಂದ. ತಿಂಗಳುಗಟ್ಟಲೆ ವಕೀಲರಿಲ್ಲದೆ ಒಂದು ಮಾತೂ ಆಡದಿದ್ದ ಅಣ್ಣ ತಂಗಿಯನ್ನು ಮಾವನ ಉಯಿಲು ಒಟ್ಟು ಮಾಡಲಿಲ್ಲ, ನಾನು ಮಾಡಿದೆ. ಅಮ್ಮ ಸಂತೋಷದಿಂದ ಚಹಾ ಇಡಲು ಓಡಿದಳು.

ಅತ್ತಿಗೆ ಸಿಹಿತಿಂಡಿಯ ಪೊಟ್ಟಣ ಮೇಜಿನ ಮೇಲಿಟ್ಟು ಮಾತು ತೆಗೆದರು. ಪೀಸ್‌ಗಳು ಸಿಕ್ಕಿದವಲ್ಲ, ಇನ್ನು ಎಳೆಯುವುದು ಯಾಕೆ, ಹೌಸಿನ ಹೆಸರು ಹಾಳಾದರೆ ಯಾರಿಗೂ ಒಳ್ಳೆಯದಲ್ಲ ಎಂದರು. ಅವರಿಗೆ ಬೇಕಾದದ್ದು ಒಂದು ಸಣ್ಣ ಉಪಕಾರ. ಪೆನ್ಸಿಲಿನ ಗುರುತು ಮಾವನದ್ದೇ ಎಂದು ಖಂಡಿತವಾಗಿ ಹೇಳಲಾಗುವುದಿಲ್ಲ ಎಂದು ನಾನು ಹೇಳಿಕೆ ಬದಲಿಸಬೇಕು. ಅಷ್ಟೇ.

ನಾನು ಭಾವನನ್ನು ನೋಡಿದೆ. ಅವರು ಇಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

“ಅಪ್ಪನ ಸೀರೆಯನ್ನು ಮಗ ತೆಗೆದರೆ ಅದು ಕಳ್ಳತನ ಹೇಗಾಗುತ್ತದೆ, ನೀನೇ ಹೇಳು,” ಎಂದರು.

“ಹಾಗಾದರೆ ನನ್ನ ಚೀಲ ಬಿಚ್ಚಿಸಿದ್ದು ಯಾಕೆ ಭಾವ?”

ಅವರು ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿ ಹಳೆಯ ಒಂದು ಸಂಗತಿ ಹೇಳಿದರು. ಇಪ್ಪತ್ತೈದರ ಪ್ರಾಯದಲ್ಲಿ ಅವರು ತಾವೇ ಆರಿಸಿ ಒಂದು ಗಿಳಿಹಸಿರು ಸೀರೆ ತಂದಿದ್ದರಂತೆ. ಮಾವ ಅದನ್ನು ಗಿರಾಕಿಗಳ ಎದುರಿಗೇ ಎತ್ತಿ ಹಿಡಿದು, ಇದನ್ನು ಕಿಟಕಿಗೆ ಪರದೆ ಮಾಡು ಎಂದಿದ್ದರಂತೆ. ಮಾಡಿಸಿಯೂ ಮಾಡಿಸಿದರು, ಒಳಕೋಣೆಯ ಕಿಟಕಿಯಲ್ಲಿ ಹಸಿರು ರೇಷ್ಮೆ ಪರದೆ ಬಹಳ ವರ್ಷ ಇದ್ದದ್ದು ನನಗೂ ನೆನಪಿತ್ತು, ಕಥೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಪರದೆಯನ್ನು ದಿನಾ ನೋಡಿದ್ದೇನೆ, ಕೊನೆಗೆ ಬೋರ್ಡು ಕೊಟ್ಟರು ಎಂದರು. ನನಗೆ ಪಾಪ ಎನಿಸಿತು. ಹೇಳಿಕೆ ಬದಲಿಸುವಷ್ಟು ಎನಿಸಲಿಲ್ಲ.

ನಾನು ಕದ್ದಿಲ್ಲ ಎಂದು ಇಬ್ಬರೂ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ, ಮತ್ತೆ ಮಾತಾಡುವ ಎಂದೆ. ಬರಹದಲ್ಲಿ ಏನೂ ಕೊಡಬಾರದೆಂದು ವಕೀಲರು ಹೇಳಿದ್ದಾರೆ ಎಂದರು ಅತ್ತಿಗೆ. ಬೇಕಿದ್ದರೆ ಬಾಯಲ್ಲಿ ಸಾರಿ ಎನ್ನುತ್ತೇನೆ ಎಂದು, ಅಂದರು ಕೂಡ. ಚಹಾ ಕುಡಿಯದೆ ಹೋದರು. ಸಿಹಿತಿಂಡಿಯನ್ನು ಅಮ್ಮ ಅಕ್ಕಪಕ್ಕದವರಿಗೆ ಹಂಚಿದಳು, ಅಣ್ಣನ ಮಕ್ಕಳು ಒಂದಾದ ಖುಷಿಗೆ.

ನನ್ನ ಉಪಕಾರವಿಲ್ಲದೆಯೂ ಅವರ ಕೆಲಸ ನಿಲ್ಲಲಿಲ್ಲ. ಸೀರೆಯ ಯಜಮಾನಿ ಅತ್ತಿಗೆಯೇ ಆದ್ದರಿಂದ ಅಣ್ಣನ ಜೊತೆ ರಾಜಿ ಮಾಡಿಕೊಂಡರು, ಪ್ರಕರಣ ಮುಗಿಯಿತು. ನನ್ನ ಮೇಲಿನ ಸಂಶಯ ಅದರ ಜೊತೆಗೇ ಮುಗಿಯಿತು, ಯಾರೂ ತೆಗೆದುಹಾಕದೆ. ಹೆಸರನ್ನು ಇಬ್ಬರೂ ಬಳಸುವುದು, ಸೀರೆಯನ್ನು ಇಬ್ಬರೂ ಮಾರುವುದು ಎಂದಾಯಿತು. ಉಯಿಲು ಓದಿದ ದಿನವೇ ಯಾರಾದರೂ ಹೇಳಬಹುದಾಗಿದ್ದ ಮಾತು. ಮೀನಿನ ವಾಸನೆಯ ಸೀರೆಗಳನ್ನು ಅತ್ತಿಗೆ ಮಣಿಪಾಲದ ಟೆರೇಸಿನಲ್ಲಿ ತಿಂಗಳುಗಟ್ಟಲೆ ಗಾಳಿಗೆ ಹಾಕಿ, ಉಳಿದ ವಾಸನೆಗೆ ‘ವಿಂಟೇಜ್’ ಎಂದು ಹೆಸರಿಟ್ಟು ಮಾರಿದರು. ಹೆದ್ದಾರಿಯಲ್ಲಿ ಈಗ ಅಣ್ಣ ತಂಗಿ ಕೈಮುಗಿದು ನಗುವ ದೊಡ್ಡ ಫಲಕ ಉಂಟು. ಕೆಳಗೆ ‘ನಂಬಿಕೆಯೇ ನಮ್ಮ ನೇಯ್ಗೆ’ ಎಂದು ಬರೆದಿದೆ.

ಅಜೆಕಾರಿನ ಹುಡುಗಿಯ ಸೀರೆಯನ್ನು ಪೊಲೀಸರು ಸಾಕ್ಷಿಗೆಂದು ತೆಗೆದುಕೊಂಡಿದ್ದರು. ಮದುವೆಗೆ ನಾಲ್ಕೇ ದಿನ ಇತ್ತು. ನನ್ನ ಮದುವೆಯ ಸೀರೆಯನ್ನೇ ಕೊಟ್ಟೆ, ರವಕೆ ಮಾತ್ರ ಹೊಸತು ಹೊಲಿದೆ. ಅವಳು ಮದುವೆಯ ಫೋಟೊ ಕಳಿಸಿದಳು. ಈ ಇಡೀ ವ್ಯವಹಾರದಲ್ಲಿ ನಾನು ಎರಡು ಸಲ ನೋಡಿದ್ದು ಅದೊಂದನ್ನೇ.

ನನ್ನ ಪಾಲಿನ ಮಿಷನ್‌ಗಳು ಆರು ತಿಂಗಳ ಮೇಲೆ ಟೆಂಪೊದಲ್ಲಿ ಬಂದವು. ಐದೇ ಇದ್ದವು. ಆರನೆಯದು, ನಾನೇ ಹತ್ತೊಂಬತ್ತು ವರ್ಷ ತುಳಿದದ್ದು, ಮಣಿಪಾಲದ ಗಾಜಿನ ಕಿಟಕಿಯಲ್ಲಿ ಉಂಟು. ಮೇಲೆ ಒಂದು ಸಣ್ಣ ದೀಪ, ಪಕ್ಕದಲ್ಲಿ ಒಣಗಿದ ಹೂಗಳ ಕುಂಡ, ಕೆಳಗೆ ‘ನಮ್ಮ ಪರಂಪರೆ’ ಎಂಬ ಹಿತ್ತಾಳೆಯ ಫಲಕ. ಕೇಳಲು ಹೋಗಲಿಲ್ಲ. ಕಾರ್ಕಳದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಐದು ಮಿಷನ್ನಿನಲ್ಲಿ ಕೆಲಸ ಸುರುಮಾಡಿದೆ. ಬೋರ್ಡಿನಲ್ಲಿ ‘ರವಕೆ ಹೊಲಿಯಲಾಗುವುದು’ ಎಂದಷ್ಟೇ ಬರೆಸಿದೆ. ಬಣ್ಣದವನು ಹೆಸರು ಏನಾದರೂ ಬೇಡವೇ ಎಂದು ಎರಡು ಸಲ ಕೇಳಿದ. ಬೇಡ ಎಂದೆ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅತ್ತೆ ಬಂದರು. ಕಾಪುವಿನಿಂದ ರಿಕ್ಷಾ ಮಾಡಿಕೊಂಡು, ಒಬ್ಬರೇ. ಮಕ್ಕಳಿಗೆ ಹೇಳಿ ಬಂದಂತಿರಲಿಲ್ಲ. ಎರಡು ರವಕೆ ಹೊಲಿಯಬೇಕಿತ್ತು. ಸ್ಟುಡಿಯೊದಲ್ಲಿ ಹೊಲಿಸಿದ್ದು ಮೈಗೆ ಹೊಂದುವುದಿಲ್ಲ ಎಂದರು. ಅವರು ಕೈ ಅಗಲಿಸಿ ನಿಂತರು, ನಾನು ಟೇಪು ಹಿಡಿದೆ. ಹೆಗಲು ಒಂದಿಂಚು ಸಣ್ಣದಾಗಿತ್ತು. ತೋಳು ಅದಕ್ಕಿಂತ ಹೆಚ್ಚು ಇಳಿದಿತ್ತು.

“ಅಳತೆ ಮೊದಲಿನದ್ದೇ ಅಲ್ವಾ?” ಎಂದು ಕೇಳಿದರು.

ಹೌದು ಎಂದೆ. ಹೊಸ ಅಳತೆಯನ್ನು ಅವರು ಹೋದ ಮೇಲೆ ಬರೆದುಕೊಂಡೆ.